ಅರ್ಹತೆ ಯಾರದು, ಹೊಣೆ ಯಾರದು?

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಹೋಬಳಿಯಲ್ಲಿ ತೆಂಗು ಅಡುಗೆಯೂ ಹೌದು, ಆದಾಯವೂ ಹೌದು. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಲು ಬಿಟ್ಟು, ಸುಲಿಸಿ, ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಕಳಿಸುವ ಸೀಮೆ ಇದು. ಇಲ್ಲಿ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯೊಬ್ಬರ ಮೊಬೈಲಿಗೆ ಹೃದಯದ ಆರೋಗ್ಯ ಕುರಿತ ಆನ್‌ಲೈನ್ ಕೋರ್ಸ್ ಬಂತೆನ್ನಿ. ಅದು ಹೇಳುವುದರಲ್ಲಿ ಸುಳ್ಳಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬಿದೆ. ದಿನದ ಕ್ಯಾಲೊರಿಯಲ್ಲಿ ಇಂಥ ಕೊಬ್ಬಿನ ಪಾಲು ಶೇ. 10 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದರೆ ‘ತೆಂಗು ಕಡಿಮೆ ಮಾಡಿ’ ಎಂಬ ಒಂದು ಸಾಲನ್ನು ಹಿಡಿದುಕೊಂಡು ಅವರು ಯಾರ ಅಡುಗೆಮನೆಗೆ ಹೋಗಬೇಕು? ಎಣ್ಣೆ ಬೇರೆ, ಚಟ್ನಿಗೆ ಹಾಕುವ ಹಿಡಿ ಕಾಯಿತುರಿ ಬೇರೆ. ಬಿ.ಪಿ. ಇರುವ ಮನೆಯಲ್ಲಿ ಮೊದಲು ಕೇಳಬೇಕಾದದ್ದು ಬಹುಶಃ ಉಪ್ಪಿನಕಾಯಿಯ ಬಗ್ಗೆ. ಅದು ಪಾಠ ಬರೆದವರಿಗೆ ಹೊಳೆಯಲಿಲ್ಲವೆಂದರೆ ಅವರು ಕಲಿಯುವವರನ್ನು ನೋಡಿಯೇ ಇಲ್ಲ.

ಯಾರಿಗೆ ಎಂದು ಕೇಳದೆ ಕೊಟ್ಟ ತಿಳಿವಳಿಕೆ ತಿಳಿವಳಿಕೆಯೇ? ನಮ್ಮ ಶಾಸ್ತ್ರಕಾರರು ಈ ಪ್ರಶ್ನೆಯನ್ನು ಗ್ರಂಥದ ಬಾಗಿಲಲ್ಲೇ ನಿಲ್ಲಿಸಿದ್ದರು. ವೇದಾಂತ ಗ್ರಂಥ ಆರಂಭವಾಗುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಬೇಕಿತ್ತು. ಯಾರು ಓದಬೇಕು, ಏನನ್ನು, ಗ್ರಂಥಕ್ಕೂ ವಿಷಯಕ್ಕೂ ನಂಟೇನು, ಓದಿದರೆ ಸಿಗುವುದೇನು? 1975ರಲ್ಲಿ ಅಮೆರಿಕದ ಸೇನೆಗಾಗಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ರೂಪಿಸಿದ ಬೋಧನಾ ವಿನ್ಯಾಸದ ಮಾದರಿ ಇಂದು ‘ಆ್ಯಡಿ’ ಎಂದು ಹೆಸರಾಗಿದೆ. ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ ಎಂಬ ಅದರ ಐದು ಹಂತಗಳಲ್ಲಿ ಮೊದಲನೆಯದು ಕೇಳುವುದೂ ಹೆಚ್ಚುಕಡಿಮೆ ಇದನ್ನೇ.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಹಳೆಯ ಕ್ರಮದಲ್ಲಿ ಪರೀಕ್ಷೆ ಶಿಷ್ಯನಿಗಿತ್ತು. ವಿವೇಕ, ವೈರಾಗ್ಯಗಳ ಜೊತೆಗೆ ಹುಟ್ಟನ್ನೂ ನೋಡಿದರು. ಬ್ರಹ್ಮಸೂತ್ರದ ಅಪಶೂದ್ರಾಧಿಕರಣ ಶೂದ್ರರಿಗೆ ವೇದಾಧ್ಯಯನದ ಬಾಗಿಲನ್ನು ಹೇಗೆ ಮುಚ್ಚಿತೆಂಬುದು ಮರೆಯುವ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರು ಆ ಬಾಗಿಲಿಗೆ ಕಾಯುತ್ತ ಕೂರಲಿಲ್ಲ. ಅಕ್ಕಿ ಆಯುವ ಲಕ್ಕಮ್ಮ, ದೋಣಿ ನಡೆಸುವ ಚೌಡಯ್ಯ ತಮ್ಮ ಕನ್ನಡದಲ್ಲೇ ತತ್ತ್ವ ನುಡಿದರು. ಒಳ್ಳೆಯ ವಿನ್ಯಾಸದ ನೀತಿಯೂ ಈ ದಾರಿಯದೇ: ಪಾಠ ತಲುಪದಿದ್ದರೆ ತಪ್ಪು ಮೊದಲು ಪಾಠದ್ದು.

ಇದು ಕೇವಲ ಆದರ್ಶವಲ್ಲ. ನ್ಯೂ ಮೆಕ್ಸಿಕೊದ ವೈದ್ಯ ಸಂಜೀವ್ ಅರೋರಾ 2003ರಲ್ಲಿ ‘ಎಕೋ’ ಯೋಜನೆ ಆರಂಭಿಸಿ, ದೂರದ ಊರುಗಳ ಸಾಮಾನ್ಯ ವೈದ್ಯರಿಗೆ ಹೆಪಟೈಟಿಸ್ ಸಿ ಚಿಕಿತ್ಸೆಯನ್ನು ವಿಡಿಯೋ ಮೂಲಕ ಕಲಿಸಿದರು. ಅಲ್ಲಿ ಕಲಿಯುವ ವೈದ್ಯರೇ ತಮ್ಮ ರೋಗಿಯ ಪ್ರಕರಣವನ್ನು ಮುಂದಿಡುತ್ತಾರೆ, ತಜ್ಞರು ಕೇಳಿಸಿಕೊಂಡು ಮಾತಾಡುತ್ತಾರೆ. ಆ ವೈದ್ಯರ ಚಿಕಿತ್ಸೆ ವಿಶ್ವವಿದ್ಯಾಲಯದ ಆಸ್ಪತ್ರೆಯಷ್ಟೇ ಫಲ ಕೊಟ್ಟಿತೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಇದೇ ಮಾದರಿಯನ್ನು ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತರಬೇತಿಗೆ ತಂದಿತು. 2018ರಲ್ಲಿ ಅದರ ಡಿಜಿಟಲ್ ಅಕಾಡೆಮಿ ಆರಂಭವಾಯಿತು.

ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಶ್ರವಣದ ನಂತರ ಮನನ, ನಿದಿಧ್ಯಾಸನಗಳನ್ನೂ, ಅಂದರೆ ಕೇಳಿದ್ದನ್ನು ವಿಚಾರಿಸಿ ಮನಸ್ಸಿನಲ್ಲಿ ನೆಲೆಗೊಳಿಸುವುದನ್ನೂ, ಹೇಳಿದ್ದ. ಬಹುಪಾಲು ಆನ್‌ಲೈನ್ ಕೋರ್ಸುಗಳು ಶ್ರವಣಕ್ಕೇ ನಿಲ್ಲುತ್ತವೆ. ವಿಡಿಯೋ, ಹತ್ತು ಪ್ರಶ್ನೆ, ಸರ್ಟಿಫಿಕೇಟ್. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಸೂಚಿಸಿದ: ಮೆಚ್ಚಿದರೇ, ಕಲಿತರೇ, ನಡವಳಿಕೆ ಬದಲಾಯಿತೇ, ಫಲ ಬಂತೇ? ಸರ್ಟಿಫಿಕೇಟು ಎರಡನೆಯ ಮೆಟ್ಟಿಲು ದಾಟುವುದಿಲ್ಲ. ಅರಿವು ಆಚಾರವಾಗದೆ ಪೂರ್ಣವಲ್ಲ ಎಂದು ನಂಬಿದ ನಾಡಿನಲ್ಲಿ ಇಷ್ಟಕ್ಕೇ ತೃಪ್ತಿಪಡುವುದು ಸರಿಯಲ್ಲ.

ಮೇಲಿನ ಮೆಟ್ಟಿಲುಗಳಿಗೆ ಸಮಯ ಬೇಕು, ಹಣ ಬೇಕು. ಆಶಾ ಕಾರ್ಯಕರ್ತೆಯರು ಸರ್ಕಾರದ ಲೆಕ್ಕದಲ್ಲಿ ಸ್ವಯಂಸೇವಕಿಯರು, ಸಿಗುವುದು ಪ್ರೋತ್ಸಾಹಧನ. ಮನೆಗೆಲಸ ಮುಗಿಸಿ ರಾತ್ರಿ ಫೋನ್ ಹಿಡಿದು ಕಲಿಯುವ ಆ ಹೊತ್ತನ್ನು ಯಾರೂ ದುಡಿಮೆಯೆಂದು ಎಣಿಸುವುದಿಲ್ಲ. ಕೋರ್ಸ್ ಬರೆಯುವ ಮೇಜಿನ ಸುತ್ತ ವೈದ್ಯರು, ವಿನ್ಯಾಸಕರ ಜೊತೆ ಅವರಿಗೂ ಮೊದಲ ದಿನದಿಂದಲೇ ಕುರ್ಚಿ ಇರಬೇಕು, ಸಂಭಾವನೆಯೊಂದಿಗೆ.