ಇಂದಿನ ಚಿಂತನೆ: ಎಣ್ಣೆ ಹೊಡೆಯುವ ಹೊತ್ತು



ಕಳೆದ ಭಾನುವಾರ ಮೊದಲ ಶೀಲದ ಮಾತು ಬಂದಾಗ ಒಬ್ಬ ತಮ್ಮ ಕೇಳಿದ: "ಅಣ್ಣಾ, ನಾ ಕೂಲಿಗಿ ಎಣ್ಣಿ ಹೊಡಿಯಾಂವ. ಮುಂಜಾನೆ ಶೀಲ ಹೇಳಿ, ಹೊತ್ತೇರೂದ್ರಾಗ ಸಾವಿರ ಜೀವ ಕೊಲ್ತೀನಿ. ನಾ ಹ್ಯಾಂಗ ಮಾಡ್ಲಿ?" ಯಾರೂ ಉತ್ತರಿಸಲಿಲ್ಲ. ನಾನೂ ಸುಮ್ಮನಿದ್ದೆ. ಗೋಗಿಯ ತೊಗರಿ ಹೊಲಗಳಲ್ಲಿ ನಾನೂ ವರ್ಷಗಟ್ಟಲೆ ಬೆನ್ನಿಗೆ ಪಂಪು ಹೊತ್ತವನು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯನ್ನು ಕಟ್ಟಳೆ ಎನ್ನದೆ ತತ್ವ ಎಂದರು. ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ ಎಂದು ಬಿಡಿಸಿ ತೋರಿಸಿದರು. ಕಾಯಿಕೊರಕ ಬಿದ್ದರೆ ಬೆಳೆ ಹೋಗುತ್ತದೆ, ಕೂಲಿಯೂ ಹೋಗುತ್ತದೆ. ಅಗತ್ಯ ಇದೆ. ಈ ಮಾತು ಹಿಡಿದುಕೊಂಡು ನಾನು ಬಹಳ ದಿನ ನೆಮ್ಮದಿಯಾಗಿದ್ದೆ.

ನೆಮ್ಮದಿ ಕೆಡಿಸಿದ್ದು ಜೇನು. ತೊಗರಿ ಮೈತುಂಬ ಹಳದಿ ಹೂವಾಗಿತ್ತು, ಹತ್ತು ಗಂಟೆಯ ಬಿಸಿಲು. ಸಾಲು ಮುಗಿಸಿ ತಿರುಗಿ ನೋಡಿದರೆ ಜೇನ್ನೊಣಗಳು ಮಣ್ಣಲ್ಲಿ ಬಿದ್ದು ಗಿರಗಿರ ತಿರುಗುತ್ತಿದ್ದವು. ಅವು ಕಾಯಿ ತಿನ್ನಲು ಬಂದವಲ್ಲ. ಅವನ್ನು ಕೊಲ್ಲುವ ಇಚ್ಛೆ ನನಗಿರಲಿಲ್ಲ. ಅಗತ್ಯವಾದರೂ ಯಾರಿಗಿತ್ತು? ಎರಡೂ ಇಲ್ಲದೆ ಆದ ಸಾವಿಗೆ ಏನೆನ್ನಬೇಕು? ಪಾಳಿಯಲ್ಲಿ ಅದಕ್ಕೊಂದು ಮಾತಿದೆ ಅಂದುಕೊಂಡಿದ್ದೇನೆ: ಪಮಾದ, ಎಚ್ಚರಗೇಡಿತನ. ಎಚ್ಚರದ ಬಗ್ಗೆ ಧಮ್ಮಪದದಲ್ಲಿ ಒಂದು ವಗ್ಗವೇ ಇದೆ. ಅದೇ ಧಮ್ಮಪದದ ಹೂವಿನ ವಗ್ಗದಲ್ಲಿ ಊರಲ್ಲಿ ನಡೆಯುವ ಮುನಿಯನ್ನು ಹೋಲಿಸಿರುವುದು ಹೂವನ್ನು ನೋಯಿಸದ ಜೇನಿಗೆ.

ಜೇನು ಹಗಲು ಹೂವಿಗೆ ಬರುತ್ತದೆ, ಸಂಜೆ ಗೂಡು ಸೇರುತ್ತದೆ. ಹೊತ್ತು ಇಳಿದ ಮೇಲೆ ಹೊಡೆದರೆ ಎಷ್ಟೋ ಜೀವ ಉಳಿಯುತ್ತವೆ. ಬಾಯಿಗೆ ಬಟ್ಟೆಯೂ ಇಲ್ಲದೆ ಬಿಸಿಲಲ್ಲಿ ವಿಷ ಉಸಿರಾಡುವ ನಮ್ಮವರಿಗೂ ಅದೇ ಹೊತ್ತು ಮೇಲು. ಆದರೆ ಹೊತ್ತು ಕೂಲಿಯವನ ಕೈಯಲ್ಲಿಲ್ಲ, ಮಾಲೀಕನ ಕೈಯಲ್ಲಿದೆ. ಹಾಗಾಗಿ ಪಾಪವೆಲ್ಲ ಪಂಪು ಹೊತ್ತವನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಅವನ ಪಾಲಿಗೆ ಬರುವುದು ಬಾಯಿ ಬಿಟ್ಟು ಕೇಳುವುದು. ನಾನು ಅಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಸಂಘದ ಕೆಲವರು ತುಡುವೆ ಜೇನಿನ ಪೆಟ್ಟಿಗೆ ಇಡೋಣ ಎನ್ನುತ್ತಿದ್ದಾರೆ. ಇಡಲಿ, ಒಳ್ಳೆಯದೇ. ಆದರೆ ಮರದ ಮೇಲಿನ ಹೆಜ್ಜೇನು ಯಾವ ಪೆಟ್ಟಿಗೆಗೂ ಬರುವುದಿಲ್ಲ. ಅದಕ್ಕೆ ಪಂಜು ಹಿಡಿಯದಿದ್ದರೆ ಸಾಕು. ಬೇಸಿಗೆಯಲ್ಲಿ ಅಗಲ ತಟ್ಟೆಯಲ್ಲಿ ನಾಲ್ಕು ಕಲ್ಲಿಟ್ಟು ನೀರು ಹಾಕಿ. ಕಲ್ಲಿಲ್ಲದಿದ್ದರೆ ಕುಡಿಯಲು ಬಂದವು ಮುಳುಗುತ್ತವೆ.

ಆ ತಮ್ಮ ಈ ವಾರ ಮಾಲೀಕನನ್ನು ಕೇಳಿದನಂತೆ. "ಹುಳಕ್ಕೂ ಟೈಮ್ ಕೇಳ್ತೀಯೇನಲೇ" ಎಂದು ಆತ ನಕ್ಕನಂತೆ. ಆಮೇಲೆ, ಹೂವಿರುವ ಹೊಲಕ್ಕೆ ಐದರ ಮೇಲೆ ಬಾ ಅಂದಿದ್ದಾನೆ.