ಯಾವುದರಲ್ಲಿ ಹೆಚ್ಚು?

ಪೋಷಕರ ಸಭೆಗಳಲ್ಲಿ ಈಚೆಗೆ ಒಂದು ಮಾತು ಬಹಳ ಕೇಳಿಬರುತ್ತದೆ: "ಮಕ್ಕಳನ್ನು ಹೋಲಿಸಬೇಡಿ." ಹೇಳುವವರ ಮನಸ್ಸು ಒಳ್ಳೆಯದೇ. ಅದೇ ಸಭೆಯಲ್ಲಿ ನಾಲ್ಕು ವರ್ಷದ ಮಗುವೊಂದು ನೂರರ ತನಕ ಒಪ್ಪಿಸಿದರೆ "ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದಾನೆ" ಎಂದು ಬೆನ್ನು ತಟ್ಟುವವರೂ ಅವರೇ. ಹೋಲಿಕೆ ಎಂದರೆ ಎರಡನ್ನು ಎದುರುಬದುರು ನಿಲ್ಲಿಸಿ ಒಂದನ್ನು ಮೇಲು, ಇನ್ನೊಂದನ್ನು ಕೀಳು ಮಾಡುವುದು ಎಂದು ನಾವು ತಿಳಿದುಬಿಟ್ಟಿದ್ದೇವೆ. ಹೋಲಿಕೆಗೆ ಎರಡು ವಸ್ತು ಸಾಲದು. ಯಾವುದರಲ್ಲಿ ಹೋಲಿಸುತ್ತಿದ್ದೇವೆ ಎಂಬ ಮೂರನೆಯದೊಂದು ಬೇಕೇಬೇಕು. ಅದನ್ನು ಹೇಳದೆ "ಯಾವುದು ಹೆಚ್ಚು?" ಎಂದು ಕೇಳಿದರೆ ಸರಿ ಉತ್ತರವೂ ಇಲ್ಲ, ತಪ್ಪು ಉತ್ತರವೂ ಇಲ್ಲ.

ಇದನ್ನು ಕಾಣಲು ದಾವಣಗೆರೆಯವರು ಮಂಡಕ್ಕಿ ಭಟ್ಟಿಯ ತನಕ ಹೋದರೆ ಸಾಕು. ಉಪ್ಪುನೀರು ಹಚ್ಚಿ ಹದ ಮಾಡಿದ ಅಕ್ಕಿ ಕಾದ ಮರಳಿಗೆ ಬೀಳುತ್ತದೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅರಳುತ್ತದೆ, ಜರಡಿಯಲ್ಲಿ ಮರಳು ಉದುರಿಸಿಕೊಂಡು ಹೊರಗೆ ಬರುತ್ತದೆ. ಬೊಗಸೆಯಲ್ಲಿ ಹಿಡಿದದ್ದು ಈಗ ಬುಟ್ಟಿಯಲ್ಲಿ ಹಿಡಿಯದು. ಹೆಚ್ಚಾಯಿತೇ? ಎಣಿಸಿದರೆ ಒಂದು ಕಾಳೂ ಹೆಚ್ಚಾಗಿಲ್ಲ. ಅಕ್ಕಿ ಎಷ್ಟು ಕಾಳಿತ್ತೋ ಮಂಡಕ್ಕಿಯೂ ಅಷ್ಟೇ ಕಾಳು. ಗಾತ್ರ ನೋಡಿದರೆ ಹಲವು ಪಟ್ಟು ಹೆಚ್ಚು. ತಕ್ಕಡಿಗೆ ಹಾಕಿದರೆ ಕೊಂಚ ಕಡಿಮೆಯೇ, ಏಕೆಂದರೆ ತೇವ ಆರಿಹೋಗಿದೆ. ಅಷ್ಟೇ, ಹೆಚ್ಚು, ಕಡಿಮೆ: ಮೂರೂ ಒಟ್ಟಿಗೇ ನಿಜ. ಸಂಜೆ ಅಂಗಡಿ ಮುಂದೆ ನಿಂತರೂ ಇದೇ ಕಥೆ. ಮಂಡಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಾರೆ, ಮೆಣಸಿನಕಾಯಿ ಬಜ್ಜಿಯನ್ನು ಎಣಿಸಿ ಕೊಡುತ್ತಾರೆ, ಖಾರ-ಸೇವನ್ನು ತೂಗುತ್ತಾರೆ. ಕೊಡುವವರಿಗೂ ಕೊಳ್ಳುವವರಿಗೂ ಗೊಂದಲವಿಲ್ಲ. ಅಮ್ಮನ ಸೆರಗು ಹಿಡಿದು ನಿಂತ ಮಗು ಇದನ್ನೆಲ್ಲ ನೋಡಿಕೊಂಡೇ ಶಾಲೆಗೆ ಬಂದಿರುತ್ತದೆ.

ನಮ್ಮ ವೈಶೇಷಿಕ ದರ್ಶನದವರು ಈ ಭೇದವನ್ನು ಬಹಳ ಹಿಂದೆಯೇ ಬಿಡಿಸಿಟ್ಟರು. ಕಣಾದನ ಗುಣಗಳ ಪಟ್ಟಿಯಲ್ಲಿ ಸಂಖ್ಯೆ ಒಂದು ಗುಣ, ಪರಿಮಾಣ ಇನ್ನೊಂದು. ಉದ್ದ, ಗಿಡ್ಡ, ದೊಡ್ಡದು, ಸಣ್ಣದು ಎಂಬ ಪರಿಮಾಣ ಆಯಾ ವಸ್ತುವಿನಲ್ಲೇ ನೆಲೆಸಿದೆ. 'ಎರಡು' ಎಂಬುದರ ಸಂಗತಿ ಬೇರೆ. "ಇದು ಒಂದು, ಅದು ಒಂದು" ಎಂದು ಎರಡನ್ನೂ ಒಟ್ಟಿಗೆ ಹಿಡಿಯುವ ಬುದ್ಧಿ ಕೂಡಿದಾಗಲೇ ಅದು ಹುಟ್ಟುತ್ತದೆ. ಆ ಬುದ್ಧಿ ಅಳಿದರೆ ದ್ವಿತ್ವವೂ ಅಳಿಯುತ್ತದೆ ಎನ್ನುತ್ತಾನೆ ಅದೇ ದರ್ಶನದ ಪ್ರಶಸ್ತಪಾದ. ಆ ಬುದ್ಧಿಗೆ ಅಪೇಕ್ಷಾಬುದ್ಧಿ ಎಂದು ಹೆಸರು. ಮಕ್ಕಳಿಗೆ ಪಾಠ ಹೇಳುವವರಿಗೆ ಇದಕ್ಕಿಂತ ಉಪಯೋಗದ ತತ್ತ್ವ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಗಾತ್ರ ಮಗುವಿನ ಕಣ್ಣಿಗೆ ತಾನಾಗಿ ಬೀಳುತ್ತದೆ, ಸಂಖ್ಯೆಯನ್ನು ಅದು ಕೂಡಿಸಿಕೊಳ್ಳಬೇಕು. ಹಾಗಾಗಿ ಗಾತ್ರದ ಕಡೆಗೆ ಮೊದಲು ವಾಲುವುದನ್ನು ದಡ್ಡತನ ಎನ್ನಲಾಗದು.

ಮಕ್ಕಳ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯ ಮೇಲೆ ನನ್ನ ತಕರಾರು ಇಲ್ಲೇ ಇರುವುದು. ಡಿ.ಎಡ್., ಬಿ.ಎಡ್. ಓದಿದವರಿಗೆಲ್ಲ ಆತನ ಪ್ರಯೋಗ ಗೊತ್ತು. ಒಂದೇ ಸಂಖ್ಯೆಯ ಬಿಲ್ಲೆಗಳ ಎರಡು ಸಾಲು ಜೋಡಿಸಿ "ಎರಡೂ ಅಷ್ಟೇ ಇವೆಯೇ?" ಎಂದು ಕೇಳುವುದು; ಒಂದು ಸಾಲನ್ನು ಹರಡಿ ಮತ್ತೆ ಅದನ್ನೇ ಕೇಳುವುದು. ಚಿಕ್ಕ ಮಗು ಉದ್ದದ ಸಾಲಿನಲ್ಲಿ ಹೆಚ್ಚಿವೆ ಎನ್ನುತ್ತದೆ. ಏಳರ ಆಸುಪಾಸಿನ ತನಕ ಮಗುವಿಗೆ ಸಂಖ್ಯೆಯ ಸ್ಥಿರತೆ ತಿಳಿಯದು ಎಂದು ಪಿಯಾಜೆ ತೀರ್ಮಾನಿಸಿದ. ಆದರೆ ಹಿರಿಯರೊಬ್ಬರು ಬೇಕೆಂದೇ ಸಾಲು ಕೆಡಿಸಿ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ, ಉತ್ತರ ಬದಲಿಸಬೇಕೇನೋ ಎಂದು ಯಾವ ಮಗುವಿಗಾದರೂ ಅನಿಸದೇ? ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ 1974ರ ಸುಮಾರಿಗೆ ಇದನ್ನೇ ಪರೀಕ್ಷಿಸಿದರು. ತುಂಟ ಕರಡಿಗೊಂಬೆ ಬಂದು ಸಾಲು ಕೆಡಿಸಿದಂತೆ ಆಡಿ ತೋರಿಸಿದಾಗ, ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಬಹಳ ಹೆಚ್ಚು ಮಂದಿ ಸರಿಯಾಗಿ ಹೇಳಿದರು. ಪಿಯಾಜೆ ಮಕ್ಕಳನ್ನು ಹತ್ತಿರದಿಂದ ನೋಡಿದವನು, ನಿಜ. ತನ್ನ ಪ್ರಶ್ನೆಯನ್ನು ಅಷ್ಟು ಹತ್ತಿರದಿಂದ ನೋಡಲಿಲ್ಲ.

ಇನ್ನು ಎಣಿಕೆಯ ವಿಚಾರ. ಹೋಲಿಸಲು ಎಣಿಸಲು ಬರಲೇಬೇಕು ಎಂಬ ನಂಬಿಕೆಯೂ ಗಟ್ಟಿಯಾಗಿ ಕೂತಿದೆ. ಆದರೆ ಅಂಕಿಯಿಲ್ಲದ ಹೋಲಿಕೆಯೂ ಉಂಟು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅಲ್ಲಿ ಲೇತ್ ಮೇಲೆ ಕೈ ಪಳಗಿಸಿದವರನ್ನು 'ಗೋ, ನೋ-ಗೋ' ಗೇಜಿನ ಬಗ್ಗೆ ಕೇಳಿ ನೋಡಿ. ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಮೊದಲನೆಯದು ಹೋಗದಿದ್ದರೆ ತೂತು ಸಣ್ಣದು, ಎರಡನೆಯದೂ ಹೋದರೆ ದೊಡ್ಡದು. ಆ ಗಳಿಗೆಯಲ್ಲಿ ಕೆಲಸಗಾರ ಒಂದು ಅಂಕಿಯನ್ನೂ ಓದುವುದಿಲ್ಲ, ಆದರೂ ತೀರ್ಪು ಕರಾರುವಾಕ್ಕು. ಸಂಖ್ಯೆಯ ವಿಷಯದಲ್ಲೂ ಹೀಗೇ. ಪ್ರತಿ ತಟ್ಟೆಯ ಬಲಕ್ಕೆ ಒಂದೊಂದು ಚಾಕು ಇಡುತ್ತಾ ಹೋದವನಿಗೆ ತಟ್ಟೆ ಎಷ್ಟು, ಚಾಕು ಎಷ್ಟು ಎಂದು ಎಣಿಸದೆಯೇ ಎರಡೂ ಸಮ ಎಂದು ಗೊತ್ತಾಗುತ್ತದೆ ಎಂದು ಜರ್ಮನಿಯ ತರ್ಕಶಾಸ್ತ್ರಜ್ಞ ಫ್ರೇಗೆ 1884ರಲ್ಲಿ ಬರೆದ. ಅಂಗನವಾಡಿಯಲ್ಲಿ ಮೊಟ್ಟೆ ಕೊಡುವ ದಿನ ಇದು ಮಕ್ಕಳ ಕಣ್ಣೆದುರೇ ನಡೆಯುತ್ತದೆ: ಕೊನೆಯ ಮಗುವಿನ ತಟ್ಟೆ ಖಾಲಿ ಉಳಿದರೆ ಮೊಟ್ಟೆ ಕಡಿಮೆ ಬಿತ್ತು ಎಂದು ಮೂರು ವರ್ಷದವರಿಗೂ ಗೊತ್ತು. ಒಂದಕ್ಕೊಂದು ಜೋಡಿಸುವ ಈ ಕೆಲಸ ಮೊದಲು ಬರಬೇಕು, ಬಾಯಿಪಾಠದ ನೂರು ಆಮೇಲೆ.

ನಾವು ಮಾಡುವುದು ತಿರುಗುಮುರುಗು. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಪುಸ್ತಕ 1631ರಲ್ಲಿ ಅಚ್ಚಾದಾಗ ಬಂದ > ಮತ್ತು < ಚಿಹ್ನೆಗಳನ್ನು ಮೊಸಳೆ ಬಾಯಿ ಎಂದು ತೋರಿಸಿ, ದೊಡ್ಡದನ್ನು ತಿನ್ನುತ್ತದೆ ಎಂದು ಕಲಿಸಿ ಪುಟಗಟ್ಟಲೆ ಬರೆಸುತ್ತೇವೆ. ಚಿಹ್ನೆ ಬೇಡವೆಂದಲ್ಲ. 5 > 3 ಎಂದು ಬರೆಸುವ ಮೊದಲು ಐದು ಕಡಲೆಕಾಳು, ಮೂರು ತೆಂಗಿನಕಾಯಿ ಮಗುವಿನ ಮುಂದಿಟ್ಟು ಯಾವುದು ಹೆಚ್ಚು ಎಂದು ಕೇಳಿ. ಅದು ತೆಂಗಿನಕಾಯಿ ತೋರಿಸಿದರೆ, ಏನು ನೋಡಿ ಹೇಳಿದೆ ಎಂದು ವಿಚಾರಿಸಿ. "ದೊಡ್ಡದೈತಲ್ರಿ ಮಿಸ್" ಎಂದರೆ ಆ ಉತ್ತರಕ್ಕೆ ಸರಿ ಗುರುತು ಹಾಕಿ. ಎಣಿಕೆಯ ಪ್ರಶ್ನೆಯನ್ನು, ಎಣಿಕೆಯದು ಎಂದು ಹೇಳಿಯೇ, ಅದಾದ ಮೇಲೆ ಕೇಳಿ.