ಬೀಜಕವಾಗುವ ಬ್ಯಾಕ್ಟೀರಿಯಾ ಮತ್ತು ಉದ್ದೇಶದ ಪ್ರಶ್ನೆ

ಮಣ್ಣಿನಲ್ಲಿ ಬದುಕುವ ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾ ಆಹಾರ ತೀರಿಹೋದಾಗ ಬೀಜಕ ಕಟ್ಟುತ್ತದೆ. ಜರ್ಮನಿಯ ಫರ್ಡಿನಾಂಡ್ ಕೋನ್ 1876ರಲ್ಲಿ ಈ ಬೀಜಕಗಳನ್ನು ವಿವರಿಸಿದ. ಒಣಹುಲ್ಲು ನೆನೆಸಿದ ನೀರನ್ನು ಕುದಿಸಿದರೂ ಅವು ಸಾಯುವುದಿಲ್ಲವೆಂದು ತೋರಿಸಿದ. ಬೀಜಕ ಸಿದ್ಧವಾಗಲು ಏಳೆಂಟು ಗಂಟೆ ಬೇಕು. ಕೋಶವು ನಟ್ಟನಡುವೆ ಇಬ್ಭಾಗವಾಗದೆ ಒಂದು ತುದಿಗೆ ಅಡ್ಡಗೋಡೆ ಎಬ್ಬಿಸುತ್ತದೆ. ಚಿಕ್ಕ ಭಾಗ ಬೀಜಕವಾಗುತ್ತದೆ. ದೊಡ್ಡದು ತಾಯಿಕೋಶ, ಅದು ಚಿಕ್ಕದನ್ನು ನುಂಗಿ ಒಳಗಿಟ್ಟುಕೊಂಡು, ಪದರಪದರವಾಗಿ ಕವಚ ಕಟ್ಟಿಕೊಟ್ಟು, ಕೊನೆಗೆ ತಾನು ಒಡೆದು ಸಾಯುತ್ತದೆ. ಈ ಸಾವು ಯಾರಿಗಾಗಿ, ಇದನ್ನು ಬಯಸಿದವರು ಯಾರು ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ. ಉತ್ತರಕ್ಕೆ ವಂಶವಾಹಿಗಳ ನಿಯಂತ್ರಣವನ್ನು ನೋಡದೆ ಗತ್ಯಂತರವಿಲ್ಲ.

ಆರಂಭದಲ್ಲಿ ನಡೆಯುವುದು ಒಂದು ಫಾಸ್ಫೇಟ್ ಗುಂಪಿನ ಕೈಬದಲಾವಣೆ. ಕಿನ್‌ಎ ಎಂಬ ಪ್ರೋಟೀನಿನಿಂದ ಅದು ಸ್ಪೋ0ಎಫ್‌ಗೆ, ಅಲ್ಲಿಂದ ಸ್ಪೋ0ಬಿಗೆ, ಕೊನೆಗೆ ಸ್ಪೋ0ಎಗೆ ದಾಟುತ್ತದೆ. ನೇರವಾಗಿ ಮುಟ್ಟಿಸಬಹುದಾದದ್ದಕ್ಕೆ ಇಷ್ಟು ಸುತ್ತು ದುಂದೆನಿಸೀತು. ಆದರೆ ದಾರಿಯ ನಡುವೆ ಫಾಸ್ಫೇಟನ್ನು ಕಿತ್ತುಹಾಕುವ ಪ್ರೋಟೀನುಗಳಿವೆ. ಡಿಎನ್‌ಎ ನಕಲಾಗುವುದರಲ್ಲಿ ತೊಡಕಿದ್ದರೆ ಕಿನ್‌ಎಯನ್ನೇ ತಡೆಯುವುದೂ ಒಂದಿದೆ. ಇವೆಲ್ಲವನ್ನೂ ದಾಟಿ ಫಾಸ್ಫೇಟ್ ಹೊತ್ತ ಸ್ಪೋ0ಎ ಸಾಕಷ್ಟು ಕೂಡಿದಾಗಲಷ್ಟೇ ಕೆಲಸ ಶುರು. ಒಂದೇ ಡಿಎನ್‌ಎಯ, ಒಂದೇ ತಟ್ಟೆಯಲ್ಲಿ ಬೆಳೆದ ಕೋಶಗಳಲ್ಲೂ ಕೆಲವು ಈ ಮಟ್ಟ ಮುಟ್ಟುತ್ತವೆ, ಕೆಲವು ಮುಟ್ಟುವುದಿಲ್ಲ. ಈ ಹಾದಿ ಹಿಡಿದ ಕೋಶಗಳು ವಿಷ ಸುರಿಸಿ, ಇನ್ನೂ ಹಿಡಿಯದ ಒಡಹುಟ್ಟುಗಳನ್ನು ಕೊಂದು, ಅವುಗಳ ಸಾರ ಹೀರಿ ಬೀಜಕ ಕಟ್ಟುವುದನ್ನು ಮುಂದೂಡುತ್ತವೆ ಎಂದು ಹಾರ್ವರ್ಡ್‌ನ ರಿಚರ್ಡ್ ಲೋಸಿಕ್ ತಂಡ 2003ರಲ್ಲಿ ತೋರಿಸಿತು. ತಾಯಿಕೋಶದ ತ್ಯಾಗವನ್ನು ಕೊಂಡಾಡುವವರು ಸಾಮಾನ್ಯವಾಗಿ ಈ ಪುಟವನ್ನು ಹಾರಿಸಿಬಿಡುತ್ತಾರೆ.

ಅಡ್ಡಗೋಡೆ ಎದ್ದ ಮೇಲೆ ಎರಡೂ ಕಡೆ ಬೇರೆ ಬೇರೆ ಸಿಗ್ಮಾ ಪ್ರೋಟೀನುಗಳ ಆಳ್ವಿಕೆ. ಆರ್‌ಎನ್‌ಎ ಪಾಲಿಮರೇಸ್ ಯಾವ ವಂಶವಾಹಿಯನ್ನು ಓದಬೇಕೆಂಬುದು ಇವುಗಳ ಕೈಯಲ್ಲಿದೆ. ಚಿಕ್ಕ ಕೋಶದಲ್ಲಿ ಮೊದಲು ಸಿಗ್ಮಾ-ಎಫ್ ಎಚ್ಚರಗೊಳ್ಳುತ್ತದೆ. ಅಲ್ಲಿಂದ ಬಂದ ಸಂಕೇತಕ್ಕೆ ತಾಯಿಕೋಶದಲ್ಲಿ ಸಿಗ್ಮಾ-ಇ. ಆಮೇಲೆ ಚಿಕ್ಕದರಲ್ಲಿ ಸಿಗ್ಮಾ-ಜಿ. ಅದರ ಸಂಕೇತಕ್ಕೆ ತಾಯಿಕೋಶದಲ್ಲಿ ಸಿಗ್ಮಾ-ಕೆ. ಅತ್ತಲಿಂದ ಸುದ್ದಿ ಬಾರದೆ ಇತ್ತ ಕೆಲಸ ಮುಂದುವರಿಯುವುದಿಲ್ಲ. ಇಡೀ ಯೋಜನೆಯನ್ನು ಬಲ್ಲ ಅಣು ಮಾತ್ರ ಎಲ್ಲಿಯೂ ಇಲ್ಲ.

ಸಿಗ್ಮಾ-ಕೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಅದರ ವಂಶವಾಹಿ ಎರಡು ತುಂಡಾಗಿದ್ದು, ನಡುವೆ ಸುಮಾರು 48,000 ಬೇಸ್ ಜೋಡಿಗಳಷ್ಟು ಉದ್ದದ ಬೇರೊಂದು ಡಿಎನ್‌ಎ ತೂರಿಕೊಂಡಿದೆ. ತಾಯಿಕೋಶ ಆ ಭಾಗವನ್ನು ಕತ್ತರಿಸಿ ತೆಗೆದು ತುದಿಗಳನ್ನು ಬೆಸೆಯುತ್ತದೆ. ಆಗಲೇ ಸಿಗ್ಮಾ-ಕೆ ತಯಾರಾಗಲು ಸಾಧ್ಯ. ಬೀಜಕದೊಳಗಿನ ಡಿಎನ್‌ಎಗೆ ಕತ್ತರಿ ತಾಗುವುದಿಲ್ಲ. ವಂಶ ಮುಂದುವರಿಸಬೇಕಾದ್ದು ಹಾಗೇ ಉಳಿಯಿತು, ಹೇಗೂ ಸಾಯುವುದು ತನ್ನನ್ನು ಹರಿದುಕೊಂಡಿತು. ಯಾರೋ ಯೋಚಿಸಿ ಮಾಡಿಟ್ಟ ಏರ್ಪಾಡು ಎನಿಸುವುದು ಸಹಜ. ಆದರೆ ಆ ತುಂಡು ಹಿಂದೆಂದೋ ಒಳಹೊಕ್ಕ ವೈರಸ್ಸಿನ ಅವಶೇಷ. ಅದನ್ನು ಮೊದಲೇ ತೆಗೆದುಹಾಕಿದ ತಳಿಗಳೂ ಬೀಜಕ ಕಟ್ಟುತ್ತವೆ. ಇಲ್ಲಿ ಜಾಣತನದಂತೆ ಕಾಣುವುದು ಆಕಸ್ಮಿಕದೊಂದಿಗೆ ಹೊಂದಿಕೊಂಡು ಬಂದ ರೀತಿ, ಅಷ್ಟೆ.

ಜೀವಿಯಲ್ಲಿ ಪ್ರತಿ ಭಾಗವೂ ಉಳಿದವಕ್ಕೆ ಸಾಧನವೂ ಹೌದು, ಸಾಧ್ಯವೂ ಹೌದು ಎಂದು ಇಮ್ಯಾನುಯೆಲ್ ಕಾಂಟ್ 1790ರಲ್ಲಿ ವಾದಿಸಿದ. ಉದ್ದೇಶವನ್ನು ಜೀವಿಯೊಳಗಿನ ಒಂದು ಶಕ್ತಿ ಎಂದು ಅವನು ಸಾಧಿಸಹೊರಡಲಿಲ್ಲ. ಜೀವಿಯನ್ನು ಅರಿಯಲು ಮನುಷ್ಯಬುದ್ಧಿಗೆ ಆ ಕಲ್ಪನೆ ಬೇಕೇಬೇಕು ಎಂದ. ತಾಯಿಕೋಶ ಈ ಚೌಕಟ್ಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಅದು ಬೀಜಕಕ್ಕೆ ಸಾಧನ. ಬೀಜಕದಿಂದ ಅದಕ್ಕೆ ಬದುಕು ಮರಳಿ ಸಿಗುವುದಿಲ್ಲ. 1958ರಲ್ಲಿ ಕಾಲಿನ್ ಪಿಟೆಂಡ್ರಿಗ್ ಟೆಲಿಯಾನಮಿ ಎಂಬ ಹೆಸರಿನಲ್ಲಿ ಬೇರೆ ದಾರಿ ಹಿಡಿದ: ಗುರಿಯತ್ತ ಸಾಗುವಂತೆ ಕಾಣುವ ವರ್ತನೆಯನ್ನು ಮುಂದಿರುವ ಗುರಿ ಎಳೆಯುವುದಿಲ್ಲ, ಹಿಂದಿನ ನಿಸರ್ಗದ ಆಯ್ಕೆ ಅದನ್ನು ರೂಪಿಸಿರುತ್ತದೆ. ಈ ನೆಲೆಯಲ್ಲಿ ಕೋಶ ನಿರ್ಧರಿಸುತ್ತದೆ ಎಂದರೆ ತಪ್ಪಿಲ್ಲ. ಮರಳುವ ದಾರಿ ತೆರೆದಿರುವಷ್ಟು ಹೊತ್ತು ಹಲವು ಸುದ್ದಿಗಳನ್ನು ತೂಗುವ ಕೆಲಸ ಅಲ್ಲಿ ನಿಜವಾಗಿ ನಡೆಯುತ್ತದೆ. ತ್ಯಾಗ ಎನ್ನಲು ಬರುವುದಿಲ್ಲ. ಕೊಡದೆ ಇರುವ ಅವಕಾಶವಿದ್ದವರು ಕೊಟ್ಟರೆ ತ್ಯಾಗ. ತಾಯಿಕೋಶ ತಾಯಿಕೋಶವಾಗಿ ನೆಲೆಗೊಳ್ಳುವ ಹೊತ್ತಿಗೆ ಆ ದಾರಿ ಮುಚ್ಚಿರುತ್ತದೆ.

ಉಳಿದದ್ದು ಬೀಜಕ ಬದುಕಿದೆಯೇ ಎಂಬ ಪ್ರಶ್ನೆ. ಅದರ ತಿರುಳಿನಲ್ಲಿ ನೀರು ಕಡಿಮೆ. ಕ್ಯಾಲ್ಸಿಯಂ ಜೊತೆ ಸೇರಿದ ಡೈಪಿಕೋಲಿನಿಕ್ ಆಮ್ಲವೇ ಒಣತೂಕದ ಸುಮಾರು ಹತ್ತನೇ ಒಂದು ಭಾಗ. ಇಂಥ ಸ್ಥಿತಿಯಲ್ಲಿ ಬದುಕನ್ನು ಚಟುವಟಿಕೆಯಿಂದ ಅಳೆಯಲಾಗದು, ಕೆಡದೆ ಉಳಿದ ರಚನೆಯೇ ಬದುಕು ಎಂಬುದು 1959ರಲ್ಲಿ ಡೇವಿಡ್ ಕೀಲಿನ್ ಮಂಡಿಸಿದ ವಾದ. 2022ರಲ್ಲಿ ಸ್ಯಾನ್ ಡಿಯೇಗೊದ ಗುರೋಲ್ ಸುಯೆಲ್ ತಂಡ ಇದಕ್ಕೊಂದು ಹೊಸ ಸಂಗತಿ ಸೇರಿಸಿತು. ಪೋಷಕಾಂಶ ಸೋಕಿದಾಗಲೆಲ್ಲ ಬೀಜಕ ಒಂದಿಷ್ಟು ಪೊಟ್ಯಾಸಿಯಂ ಅಯಾನುಗಳನ್ನು ಹೊರಬಿಡುತ್ತದೆ. ಹೀಗೆ ಮಿತಿ ದಾಟಿದ ಮೇಲೆ ಮೊಳೆಯುತ್ತದೆ. ಈ ಎಣಿಕೆಗೆ ಬೀಜಕ ಹೊಸದಾಗಿ ಶಕ್ತಿ ಉತ್ಪಾದಿಸಬೇಕಿಲ್ಲ. ಅದು ರೂಪುಗೊಳ್ಳುವಾಗಲೇ ಒಳಗೆ ಸೇರಿದ ಅಯಾನುಗಳು ಸಾಕು.